ಓರೆ ಕತ್ತಿನ ಜಗ್ಗು

ಕಾರ್ಖಾನೆಯಲ್ಲಿ ಅವಳಿಗೆ ಮೀನಕ್ಕ ಅನ್ನುವ ಹೆಸರು ಬಿದ್ದು ಒಂದು ವರ್ಷ ತುಂಬುತ್ತ ಬಂದಿತ್ತು. ಹೊಸದಾಗಿ ಸೇರಿದವರು ಅದೇ ಅವಳ ನಿಜವಾದ ಹೆಸರು ಎಂದುಕೊಂಡು ಮರ್ಯಾದೆಯಿಂದಲೇ ಕರೆಯುತ್ತಿದ್ದರು. ಹಳಬರು ಕರೆಯುವಾಗ ಮಾತ್ರ ತುಟಿಯಂಚಿನಲ್ಲಿ ಒಂದು ನಗು ಇಣುಕುತ್ತಿತ್ತು. ಆ ನಗುವಿಗೆ ಕಾರಣವಾದದ್ದು ಕುಲುಮೆಯ ಪಕ್ಕದ ಕಿಟಕಿಯಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಕೂತಿತ್ತು: ಒಂದು ಗಾಜಿನ ಜಗ್ಗು. ಅದರ ಬಾಯಿ ಎರಡು ಕಡೆಗೂ ಚೂಪಾಗಿ ಚಿವುಟಿದಂತಿತ್ತು. ಕತ್ತು ಮುಂದಕ್ಕೆ ವಾಲಿದ್ದರೂ ಬಾಯಿ ಮಾತ್ರ ಆಕಾಶ ನೋಡುತ್ತಿತ್ತು. ದಡಕ್ಕೆ ಬಿದ್ದ ಮೀನು ಉಸಿರಿಗಾಗಿ ಬಾಯಿ ಬಿಟ್ಟ ಹಾಗೆ. ಮೇಸ್ತ್ರಿ ಅದರಲ್ಲಿ ಸೀಮೆಸುಣ್ಣದ ತುಂಡುಗಳನ್ನು ಹಾಕಿಡುತ್ತಿದ್ದರು.

ಅದು ಅವಳು ಬರೆದ ಜಗ್ಗು.

ಆ ಗಾಜಿನ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಕುಲುಮೆ ಆರಿಸಿ ಒಳಗಿನ ಇಟ್ಟಿಗೆ ಬದಲಿಸುತ್ತಾರೆ. ಆರಿಸುವ ಹಿಂದಿನ ದಿನ, ಗಾಜು ಕರಗಿಸುವ ಮೂಸೆಯ ತಳದಲ್ಲಿ ಉಳಿದದ್ದು ಯಜಮಾನರದ್ದಲ್ಲ, ಕೆಲಸಗಾರರದ್ದು. ಅದಕ್ಕೆ ಉಳಿಕೆ ದಿನ ಅಂತಲೇ ಹೆಸರು. ಗುಡಿಸುವವರಿಂದ ಹಿಡಿದು ಲೆಕ್ಕ ಬರೆಯುವವರ ತನಕ ಯಾರು ಬೇಕಾದರೂ ಗೋಡೆಯ ಕರಿಹಲಗೆಯ ಮೇಲೆ ತಮಗೆ ಬೇಕಾದ ಸಾಮಾನಿನ ಚಿತ್ರ ಬರೆಯಬಹುದು, ಮೇಸ್ತ್ರಿ ಅದನ್ನು ಊದಿ ಮಾಡಿಕೊಡುತ್ತಾರೆ. ಅಡಿಕೋಲು, ದಾರ, ಮುಚ್ಚಳ ಇಟ್ಟು ಗೀಚುವುದು, ಇದ್ಯಾವುದೂ ಇಲ್ಲ. ಊದುವವರಿಗೆ ಅಚ್ಚಿಲ್ಲ ಅಂದಮೇಲೆ ಬರೆಯುವವರಿಗೆ ಅಡಿಕೋಲು ಯಾಕೆ ಅನ್ನುವುದು ಅಲ್ಲಿನ ವಾದ. ಬರೆದವರು ಬಾಯಿ ಬಿಡಬಾರದು, ಮೇಸ್ತ್ರಿ ಪ್ರಶ್ನೆ ಕೇಳಬಾರದು. ಹೇಳುವುದೆಲ್ಲವನ್ನೂ ಚಿತ್ರವೇ ಹೇಳಬೇಕು. ಮೇಸ್ತ್ರಿಗೆ ಒಂದೇ ಒಂದು ಪ್ರಶ್ನೆ ಹುಟ್ಟಿದರೂ ಹಲಗೆ ಒರೆಸಿ, ಮುಂದಿನವರು.

ಹೆಚ್ಚಿನವರು ನೀರು ಕುಡಿಯುವ ಲೋಟ, ಗೋಲಿ, ಪೇಪರು ಹಾರದಂತೆ ಇಡುವ ಗುಂಡು, ಇಷ್ಟಕ್ಕೇ ಕೈ ತೊಳೆದುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಪ್ಯಾಕಿಂಗ್ ವಿಭಾಗದಲ್ಲಿ ತಲೆ ತಗ್ಗಿಸಿಕೊಂಡು ಗಾಜು ಪರೀಕ್ಷಿಸಿ ಕಾಗದ ಸುತ್ತಿದ ಅವಳು ಮಾತ್ರ ಕಳೆದ ವರ್ಷ ಎದ್ದು ಹೋಗಿ ಒಂದು ಜಗ್ಗು ಬರೆದಳು. ಮೇಸ್ತ್ರಿ ಚಿತ್ರ ನೋಡಿದರು, ಅವಳನ್ನು ನೋಡಿದರು. ಪ್ರಶ್ನೆ ಕೇಳಲಿಲ್ಲ. ಹಲಗೆಯ ಮೇಲೆ ಏನಿತ್ತೋ ಅದನ್ನೇ, ಕೂದಲೆಳೆಯಷ್ಟೂ ಬದಲಿಸದೆ ಮಾಡಿಟ್ಟರು. ಅವಳು ಗುಂಡಗಿನ ಬಾಯಿ ಅಂದುಕೊಂಡು ಎರಡು ಬಿಲ್ಲುಗಳನ್ನು ತುದಿಗೆ ತುದಿ ಸೇರಿಸಿದ್ದಳು, ಅವರು ಎರಡು ಮೂಲೆಯ ಬಾಯಿ ಮಾಡಿದರು. ಮೇಜು ಸಮತಟ್ಟಲ್ಲವೇ ಎಂದುಕೊಂಡು ತಳಕ್ಕೆ ಒಂದು ನೇರ ಗೆರೆ ಎಳೆದಿದ್ದಳು, ಅವರು ಬುಡವನ್ನು ಹಲಗೆಯ ಹಾಗೆ ಚಪ್ಪಟೆ ಮಾಡಿ ಅದಕ್ಕೂ ಎರಡು ಮೂಲೆ ಕೊಟ್ಟರು. ಕುಲುಮೆಯ ಸುತ್ತ ನಿಂತವರಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅವಳೂ ನಕ್ಕಳು. ನಕ್ಕು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಅವಳಿಗೆ ಆ ಜಗ್ಗು ಬೇಕಾಗಿದ್ದದ್ದು ಅತ್ತೆಗಾಗಿ.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅತ್ತೆಯ ಬಲಗೈ ಸೋತುಹೋಗಿತ್ತು. ಐವತ್ತು ವರ್ಷ ಕತ್ತರಿ ಹಿಡಿದು ಊರಿನ ಅರ್ಧ ಹೆಂಗಸರಿಗೆ ಬಟ್ಟೆ ಹೊಲಿದುಕೊಟ್ಟ ಕೈ ಅದು. ಈಗ ಸುಮ್ಮನೆ ಒರಗಿಕೊಳ್ಳಬಲ್ಲುದು, ಎತ್ತಲಾರದು. ಮಗ ಲಾರಿ ಓಡಿಸುವವನು, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಅಷ್ಟು ಹೊತ್ತೂ ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬರೇ. ಮೊದಮೊದಲು ಇವಳು ನಾಲ್ಕು ಲೋಟ ನೀರು ತುಂಬಿ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದಳು. ಸಂಜೆ ಬಂದು ನೋಡಿದರೆ ನಾಲ್ಕೂ ಹಾಗೇ ಇರುತ್ತಿದ್ದವು.

"ನಾನೇನು ಪಂಜರದ ಹಕ್ಕಿಯಾ, ಬಟ್ಟಲಲ್ಲಿ ನೀರಿಟ್ಟು ಹೋಗೋಕೆ?" ಅಂದಿದ್ದರು ಅತ್ತೆ. "ಬಾಯಾರಿದಾಗ ಬಗ್ಗಿಸಿಕೊಂಡು ಕುಡಿಯೋದು ಮನುಷ್ಯರು."

ಬಗ್ಗಿಸಿಕೊಳ್ಳಲು ಜಗ್ಗು ಕೊಟ್ಟರೆ ಎಡಗೈಯೊಂದರಿಂದ ಆಗುತ್ತಿರಲಿಲ್ಲ. ಒಂದು ದಿನ ಜಗ್ಗು ವಾಲಿ ಮಡಿಲೆಲ್ಲ ಒದ್ದೆಯಾಗಿ, ಸೊಸೆ ಬರುವ ತನಕ ಹಾಗೇ ಕೂತಿದ್ದರು. ಅಂದಿನಿಂದ ಹಗಲು ನೀರೇ ಮುಟ್ಟಲಿಲ್ಲ. ಡಾಕ್ಟರು ಎರಡು ಸಲ ಗದರಿದ್ದಾಯಿತು. ಸಂಜೆ ಬಾಗಿಲು ತೆಗೆದ ಕೂಡಲೇ ಸೊಸೆಯ ಕಣ್ಣು ಮೊದಲು ಹೋಗುತ್ತಿದ್ದುದು ಆ ಒಣಗಿದ ತುಟಿಗಳ ಮೇಲೆ.

ಅವಳಿಗೆ ಬೇಕಾದ ಜಗ್ಗು ಯಾವ ಅಂಗಡಿಯಲ್ಲೂ ಇರಲಿಲ್ಲ. ಅಲುಗಾಡದ ದಪ್ಪ ಬುಡ, ಕೆಳಗೇ ಕೂತ ಹೊಟ್ಟೆ, ಸೋತ ಕೈ ಒರಗಲು ಒಂದು ಸೊಂಟ, ಎಡಗೈಯ ನಾಲ್ಕೂ ಬೆರಳು ತೂರುವ ಹಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಕ್ಕೆ ವಾಲಿದ ಕತ್ತು. ಕತ್ತು ವಾಲಿದ್ದರೆ ಜಗ್ಗನ್ನು ಎತ್ತುವುದೇ ಬೇಡ, ಮೇಜಿನ ಮೇಲಿಟ್ಟೇ ತುಸು ಬಗ್ಗಿಸಿದರೆ ನೀರು ಬರುತ್ತದೆ. ಅದು ಅವಳ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕೈಗೆ ಮಾತ್ರ ಕಾಣುತ್ತಿರಲಿಲ್ಲ.

ಮೀನಕ್ಕ ಅನ್ನುವ ಹೆಸರು ಬಿದ್ದ ಕೆಲವು ತಿಂಗಳ ಮೇಲೆ, ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ಟೀ ಅಂಗಡಿಯೊಂದರ ಶಟರ್ ಮೇಲೆ ಬೋರ್ಡು ಬರೆಯುವವರೊಬ್ಬರು ಟೀ ಕಪ್ ಮತ್ತು ಸಾಸರಿನ ಚಿತ್ರ ಬರೆಯುತ್ತಿದ್ದರು. ಅರವತ್ತು ದಾಟಿದವರು, ಸ್ಟೂಲಿನ ಮೇಲೆ ನಿಂತಿದ್ದರು. ಕುಂಚವನ್ನು ಶಟರಿಗೆ ತಾಗಿಸದೆ ಗಾಳಿಯಲ್ಲೇ ಒಂದು ಸುತ್ತು, ಎರಡು ಸುತ್ತು ತಿರುಗಿಸಿದರು. ಮೂರನೆಯ ಸುತ್ತಿಗೆ ಕುಂಚ ಕೆಳಗಿಳಿಯಿತು. ಕಪ್ಪಿನ ಬಾಯಿ ಒಂದೇ ಏಟಿಗೆ ಮೂಡಿತು, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಅನ್ನುವುದು ತಿಳಿಯದ ಹಾಗೆ.

ಅವಳು ನಿಂತುಬಿಟ್ಟಳು.

"ಅಣ್ಣಾ, ಆ ಬಾಯಿ ಇನ್ನೊಂದು ಸಲ ಬರೀತೀರಾ?"

"ಯಾಕಮ್ಮ, ಸರಿಯಿಲ್ವಾ?"

"ಸರಿಯಿದೆ. ಅದಕ್ಕೇ ಕೇಳ್ದೆ."

ಪೇಂಟರ್ ನಕ್ಕು ಕೆಳಗಿಳಿದರು. ಅವಳ ಕತೆ ಕೇಳಿ ಒಂದು ಸೀಮೆಸುಣ್ಣ ಕೊಟ್ಟು, ಪಕ್ಕದ ಗೋಡೆಯ ಮೇಲೆ ಬರಿ ಅಂದರು. ಅವಳು ಬರೆದಳು.

"ಇದೇನು, ನಿಂಬೆಹಣ್ಣಾ?"

"ಜಗ್ಗಿನ ಬಾಯಿ."

"ತುದಿ ಯಾಕೆ ಚೂಪು?"

"ಅಲ್ಲಿ ತಿರುಗಬೇಕಲ್ಲ ಅಣ್ಣಾ."

"ತಿರುಗೋಕೆ ಅಂತ ನಿಂತ್ಯಲ್ಲ, ಅದೇ ತಪ್ಪು. ಡ್ರೈವರು ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಮೂತಿ ಆ ಕಡೆ ತಿರುಗಿಸಿ ಮತ್ತೆ ಹತ್ತುತ್ತಾನಾ? ವೇಗ ಹಾಗೇ ಇರಬೇಕು. ಮತ್ತೆ ನೀನು ಮಣಿಕಟ್ಟಲ್ಲಿ ಬರೀತಿದ್ದೀಯ. ಮಣಿಕಟ್ಟು ಇರೋದು ಸಹಿ ಹಾಕೋಕೆ. ಗುಂಡು ಬರೋದು ಭುಜದಿಂದ." ಅವಳ ತೋಳನ್ನು ಕುಂಚದ ಹಿಡಿಯಿಂದ ತಟ್ಟಿದರು. "ಇದನ್ನ ಪೂರ್ತಿ ಬಿಡು. ಮೊದಲು ಗಾಳಿಯಲ್ಲಿ ತಿರುಗಿಸು. ಕೈಗೆ ದಾರಿ ಗೊತ್ತಾದ ಮೇಲೆ ಗೋಡೆಗೆ ಇಳಿಸು."

ಅವಳು ಗಾಳಿಯಲ್ಲಿ ಕೈ ತಿರುಗಿಸಿದಳು. ಆಚೆ ಹೋಗುತ್ತಿದ್ದ ಹೆಂಗಸೊಬ್ಬಳು ಯಾರನ್ನೋ ಕರೆಯುತ್ತಿದ್ದಾಳೆ ಎಂದುಕೊಂಡು ತಿರುಗಿ ನೋಡಿದಳು.

"ವಾಲಿದ ಕತ್ತಿಗೆ ಏನು ಮಾಡಲಿ?"

ಪೇಂಟರ್ ಅಂಗಡಿಯಿಂದ ಒಂದು ಕಾಗದದ ತಟ್ಟೆ ಇಸಿದುಕೊಂಡು, ಅದರ ನಟ್ಟನಡುವೆ ತೆಳು ಕುಂಚದ ಕಡ್ಡಿ ಚುಚ್ಚಿದರು. ಕಡ್ಡಿಯನ್ನು ನೆಟ್ಟಗೆ ಹಿಡಿದರು, ಆಮೇಲೆ ಓರೆ ಮಾಡಿದರು. ತಟ್ಟೆಯೂ ಅದರೊಂದಿಗೆ ಓರೆಯಾಯಿತು.

"ನೋಡು. ಕಡ್ಡಿ ಎತ್ತ ವಾಲಲಿ, ತಟ್ಟೆ ಅದಕ್ಕೆ ಅಡ್ಡವಾಗೇ ನಿಲ್ಲುತ್ತೆ. ಮೊದಲು ಕಡ್ಡಿ ಬರಿ, ಆಮೇಲೆ ತಟ್ಟೆ. ನೀನು ಕಡ್ಡಿ ವಾಲಿಸಿ ತಟ್ಟೆಯನ್ನ ಮಲಗಿಸೇ ಇಟ್ಟಿದ್ದೆ. ಮೀನಾಗದೆ ಇನ್ನೇನಾಗುತ್ತೆ?"

ಆ ತಟ್ಟೆಯನ್ನು ಅವಳು ಮನೆಗೆ ತಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಗಂಟೆ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲಾಗಿ ಗೋಡೆಗೆ ಅಂಟಿಸಿ ಭುಜದಿಂದ ಬರೆಯುವುದು. ಕುರ್ಚಿಯಲ್ಲಿ ಕೂತ ಅತ್ತೆ ತೀರ್ಪು ಕೊಡುವುದು.

"ಆಲೂಗಡ್ಡೆ."

ಇನ್ನೊಂದು.

"ಇದು ಮೊಟ್ಟೆ. ಒಂದು ಕಡೆ ದಪ್ಪ."

ಮತ್ತೊಂದು.

"ಇದನ್ನ ಯಾರೋ ತುಳಿದಿದ್ದಾರೆ."

ಶಾಲೆಯಲ್ಲಿ ಯಾವಾಗಲೋ ದೀರ್ಘವೃತ್ತ ಎಂದು ಇದನ್ನೇ ಕಲಿಸಿದ್ದರು, ಎರಡು ಗುಂಡುಸೂಜಿ ನೆಟ್ಟು ದಾರ ಸುತ್ತಿ. ಆಗ ಅಂಕಕ್ಕಾಗಿ ಬರೆದಿದ್ದಳು, ಬರೆದು ಮರೆತಿದ್ದಳು. ಆಮೇಲೆ ಅವಳ ಕೈ ಸಾವಿರ ಕೆಲಸ ಮಾಡಿತ್ತು. ಆದರೆ ತನ್ನದು ಅನ್ನುವ ಒಂದು ಗೆರೆ ಎಳೆದಿರಲಿಲ್ಲ. ಬೇರೆಯವರು ತೋರಿಸಿದ ಜಾಗದಲ್ಲಿ ಸಹಿ ಹಾಕಿತ್ತು, ಅಷ್ಟೇ. ಈಗ ನಲವತ್ತೊಂಬತ್ತರಲ್ಲಿ, ಇಡೀ ತೋಳು ಬೀಸಿ ಗೋಡೆಯಗಲ ಸುತ್ತು ಹಾಕುವಾಗ ಎದೆಯೊಳಗೆ ಏನೋ ಅಗಲವಾದಂತೆ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಹೇಳಿದರೆ ಹುಚ್ಚು ಅಂದಾರು ಎಂಬ ಸಂಕೋಚ ಒಂದು ಕಡೆ, ತನ್ನದೇ ಆದದ್ದು ಒಂದಿಷ್ಟು ತನ್ನೊಳಗೇ ಇರಲಿ ಎಂಬ ಆಸೆ ಇನ್ನೊಂದು ಕಡೆ.

ಗುಂಡಿನ ಚೂಪು ಹೋಯಿತು. ಆದರೆ ಸೊಟ್ಟ ಹೋಗಲಿಲ್ಲ. ಎಲ್ಲಿ ಸೊಟ್ಟ ಅನ್ನುವುದು ಅವಳ ಕಣ್ಣಿಗೇ ಸಿಗುತ್ತಿರಲಿಲ್ಲ. ಒಂದು ತಿಂಗಳು ಹೀಗೇ ಒದ್ದಾಡಿದ ಮೇಲೆ ಅತ್ತೆಗೆ ತಡೆಯಲಾಗಲಿಲ್ಲ.

"ಆ ಹಾಳೆ ಇಲ್ಲಿ ಕೊಡೇ. ನಡುವೆ ಉದ್ದಕ್ಕೆ ಮಡಚು. ಗೆರೆ ಹೊರಗೆ ಬರಲಿ. ಹಾಂ, ಈಗ ಕಿಟಕಿಗೆ ಹಿಡಿ."

ಬೆಳಕಿನಲ್ಲಿ ಎರಡು ಮಗ್ಗುಲಿನ ಗೆರೆಗಳೂ ಒಂದರ ಮೇಲೊಂದು ಕಂಡವು. ಒಂದು ಕಡೆಯದ್ದು ಅರ್ಧ ಬೆರಳು ಆಚೆ ಓಡಿತ್ತು.

"ಕುಪ್ಪಸದ ಕೊರಳು ಕತ್ತರಿಸೋವಾಗ ನಾವು ಹೀಗೇ ನೋಡೋದು. ಕಣ್ಣು ಸುಳ್ಳು ಹೇಳುತ್ತೆ, ಮಡಿಕೆ ಹೇಳಲ್ಲ. ಈಗ ಅಡ್ಡಕ್ಕೂ ಮಡಚು. ನಾಲ್ಕು ತುಂಡೂ ಒಂದೇ ಆಗೋ ತನಕ ನಿನ್ನ ಗುಂಡು ಗುಂಡಲ್ಲ."

"ಇದನ್ನ ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಲಕ್ವ ಹೊಡೆದ ಮೇಲೆ ಅತ್ತೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ನೋವಿದೆಯಾ, ಊಟ ಆಯಿತಾ ಅನ್ನುವುದನ್ನು ಬಿಟ್ಟರೆ. ಆ ಮಾತು ಅವಳಿಗೆ ಚುಚ್ಚಿತು. ಮಾರನೆಯ ದಿನದಿಂದ ಕಡ್ಡಿ ಚುಚ್ಚಿದ ತಟ್ಟೆಯನ್ನು ಅತ್ತೆಯ ಕೈಗೇ ಕೊಟ್ಟಳು. ಅತ್ತೆ ಬೇಕೆಂದೇ ಅದನ್ನು ಸೋತ ಕೈಯ ಬೆರಳುಗಳ ನಡುವೆ ಸಿಕ್ಕಿಸಿಕೊಂಡರು.

"ಅಲ್ಲಾಡ್ತಿದೆ ಅತ್ತೆ."

"ಅಲ್ಲಾಡೋದನ್ನ ಬರೆದು ಕಲಿ. ನಿಂತದ್ದು ತಾನಾಗೇ ಬರುತ್ತೆ."

ಯಾರಿಗೆ ಈ ಜಗ್ಗು ಎಂದು ಅತ್ತೆ ಕೇಳಲಿಲ್ಲ, ಇವಳು ಹೇಳಲಿಲ್ಲ.

ಕೊನೆಯ ಪಾಠವನ್ನು ಕಲಿಸಿದವರು ಯಾರೂ ಇಲ್ಲ. ಗಾಜಿನಲ್ಲಿ ಗುಳ್ಳೆ ಇದೆಯಾ ಎಂದು ನೋಡಲು ಪ್ರತಿ ಲೋಟವನ್ನೂ ಕಣ್ಣಿನ ಮಟ್ಟಕ್ಕೆ ಎತ್ತಿ, ನಿಧಾನಕ್ಕೆ ಇಳಿಸುವುದು ಅವಳ ಇಪ್ಪತ್ತು ವರ್ಷದ ಕೆಲಸ. ಒಂದು ಮಧ್ಯಾಹ್ನ ಹಾಗೆ ಇಳಿಸುತ್ತಿದ್ದವಳ ಕೈ ನಡುವೆಯೇ ನಿಂತಿತು. ಕಣ್ಣಿನ ಮಟ್ಟದಲ್ಲಿದ್ದಾಗ ಲೋಟದ ಬಾಯಿ ಬರೀ ಒಂದು ಗೆರೆ. ಬೆರಳಷ್ಟು ಇಳಿಸಿದರೆ ಅದೇ ಗೆರೆ ತೆಳ್ಳಗೆ ತೆರೆಯುತ್ತದೆ. ಇನ್ನೂ ಇಳಿಸಿದರೆ ಇನ್ನೂ ಅಗಲ. ಹಾಗಾದರೆ ಬಾಯಿಗಿಂತ ಕೆಳಗಿರುವ ಬುಡ ಬಾಯಿಗಿಂತ ಹೆಚ್ಚು ಗುಂಡಗಿರಬೇಕಲ್ಲ. ಗಾಜಿನ ಮೂಲಕ ನೋಡಿದಳು. ಇತ್ತು. ದಿನಕ್ಕೆ ಆರುನೂರು ಸಲ ಕಣ್ಣ ಮುಂದೆ ನಡೆಯುತ್ತಿದ್ದದ್ದು, ಒಂದು ಸಲವೂ ಕಂಡಿರಲಿಲ್ಲ. ತಾನು ಹಿಂದಿನ ವರ್ಷ ಜಗ್ಗಿನ ಬುಡಕ್ಕೆ ನೇರ ಗೆರೆ ಎಳೆದದ್ದನ್ನು ನೆನೆದು ಅವಳಿಗೆ ಜೋರಾಗಿ ನಗು ಬಂತು.

ಎದುರು ಕೂತಿದ್ದ ಜೊತೆಗಾತಿ ತಲೆಯೆತ್ತಿದಳು. ಬೆಳಿಗ್ಗೆಯಿಂದ ಸಂಜೆಯ ತನಕ ಬಾಯಿ ಮುಚ್ಚದ ಅವಳಿಗೆ ಎಲ್ಲರೂ ರೇಡಿಯೋ ಎನ್ನುತ್ತಿದ್ದರು.

"ಏನಾಯ್ತು, ಲೋಟ ಜೋಕ್ ಹೇಳ್ತಾ?"

"ಹೂಂ. ಇಪ್ಪತ್ತು ವರ್ಷದಿಂದ ಹೇಳ್ತಾನೇ ಇತ್ತು. ಈಗ ಅರ್ಥ ಆಯ್ತು."

ಉಳಿಕೆ ದಿನ ಬಂತು. ಮೂಸೆಯಲ್ಲಿ ಗಾಜು ಕಡಿಮೆಯಿತ್ತು. ಮೂರು ಲೋಟ, ಒಂದು ಗೋಲಿ ಆಗುವಷ್ಟರಲ್ಲಿ ಉಳಿದದ್ದು ಇನ್ನೊಂದು ದೊಡ್ಡ ಸಾಮಾನಿಗೆ ಮಾತ್ರ ಸಾಕು ಎಂದರು ಮೇಸ್ತ್ರಿ. ಇದು ತಪ್ಪಿದರೆ ಇನ್ನೊಂದು ವರ್ಷ. ಎಪ್ಪತ್ತಾರು ವರ್ಷದ ಆ ತುಟಿಗಳು ಇನ್ನೊಂದು ವರ್ಷ ಹಾಗೇ ಒಣಗಬೇಕು.

"ನಾನು," ಎಂದು ಅವಳು ಮುಂದೆ ಬಂದಳು.

"ಮೀನಕ್ಕ ಬಂದ್ರು, ಬಲೆ ತನ್ನಿ," ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಮೇಸ್ತ್ರಿ ನಗಲಿಲ್ಲ. ಕಿಟಕಿಯ ಮೀನಿನ ಬಾಯಿಂದಲೇ ಒಂದು ಸೀಮೆಸುಣ್ಣ ತೆಗೆದು ಅವಳ ಕೈಗಿಟ್ಟರು. ಇಲ್ಲಿಂದ ಮುಂದೆ ಅವಳು ಬಾಯಿ ಬಿಡುವಂತಿಲ್ಲ.

ಹಲಗೆಯ ಮುಂದೆ ನಿಂತು ಮೊದಲು ಕಡ್ಡಿ ಎಳೆದಳು. ಹೊಟ್ಟೆಗೆ ನೆಟ್ಟಗಿನ ತೆಳು ಗೆರೆ, ಅಲ್ಲಿಂದ ಕತ್ತಿಗೆ ಮುಂದಕ್ಕೆ ವಾಲಿದ ಗೆರೆ. ಆಮೇಲೆ ಸೀಮೆಸುಣ್ಣ ತಾಗಿಸದೆ ಗಾಳಿಯಲ್ಲಿ ತೋಳು ತಿರುಗಿಸಿದಳು. ಒಂದು, ಎರಡು.

"ಸೊಳ್ಳೆ ಓಡಿಸ್ತಿದ್ದಾರೆ," ಅಂದಿತು ಅದೇ ದನಿ.

"ನಿನ್ನನ್ನ ಓಡಿಸಬೇಕು ಮೊದಲು," ಅಂದಳು ರೇಡಿಯೋ.

ಮೂರನೆಯ ಸುತ್ತಿಗೆ ಕೈ ಇಳಿಯಿತು. ಬುಡದ ಗುಂಡು ಬಂತು, ತುಂಬಿಕೊಂಡು. ಅದರ ಹಿಂದಿನ ಅಂಚನ್ನೂ ಬಿಡದೆ ಪೂರ್ತಿ ಎಳೆದಳು. ಗಾಜಿನಲ್ಲಿ ಹಿಂದು ಮುಂದು ಎರಡೂ ಕಾಣುವಾಗ ಚಿತ್ರದಲ್ಲಿ ಯಾಕೆ ಮುಚ್ಚಿಡಬೇಕು. ಸೊಂಟಕ್ಕೆ ಅದಕ್ಕಿಂತ ತೆಳುವಾದ ಗುಂಡು. ಆಮೇಲೆ ಬಾಯಿ. ಅಲ್ಲಿ ಅವಳ ತೋಳು ಗಾಳಿಯಲ್ಲಿ ಎರಡು ಸುತ್ತಲ್ಲ, ಐದು ಸುತ್ತು ತಿರುಗಿತು. ಅಲ್ಲಾಡುವ ತಟ್ಟೆ, ಅದನ್ನು ಹಿಡಿದ ಸೋತ ಬೆರಳು, ಬೆಳಗಿನ ಕಿಟಕಿ ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋದವು. ಕೈ ಇಳಿಯಿತು. ವಾಲಿದ ಗೆರೆಗೆ ಅಡ್ಡವಾಗಿ, ತಾನೂ ವಾಲಿ, ಬಾಯಿ ಒಂದೇ ಏಟಿಗೆ ಮುಚ್ಚಿಕೊಂಡಿತು. ಪಕ್ಕೆಯ ಗೆರೆಗಳನ್ನು ಸೇರಿಸಿ, ಹಿಡಿ ಬರೆದು, ಸೀಮೆಸುಣ್ಣ ಕೆಳಗಿಟ್ಟಳು. ಹಿಂದೆ ಯಾರೂ ನಗುತ್ತಿರಲಿಲ್ಲ.

ಮೇಸ್ತ್ರಿ ಕ್ಯಾಲಿಪರ್ ತಂದರು, ಎರಡು ಕಾಲಿನ ಅಳತೆ ಇಕ್ಕಳ. ನಡುಗೆರೆಯಿಂದ ಹೊಟ್ಟೆಯ ಎಡಕ್ಕೆ ಅಳೆದು, ಕಾಲು ಕದಲಿಸದೆ ಬಲಕ್ಕೆ ಇಟ್ಟರು. ಸರಿಯಾಗಿ ಕೂತಿತು. ಬಾಯಿಗೂ ಹಾಗೇ ಇಟ್ಟರು. ಕೂತಿತು. ಅವರ ಹುಬ್ಬು ಒಂದಿಷ್ಟು ಮೇಲೇರಿತು. ತಿರುಗಿ, ಊದುಕೊಳವೆಯನ್ನು ಮೂಸೆಗೆ ಇಳಿಸಿದರು.

ಗಾಜು ಕಿತ್ತಳೆ ಬಣ್ಣದ ಜೇನಿನ ಹಾಗೆ ಬಂತು. ಊದಿದರು, ಒದ್ದೆ ಮರದ ಸೌಟಿನಲ್ಲಿ ಉರುಳಿಸಿದರು, ಹಲಗೆ ನೋಡಿದರು. ಇಕ್ಕಳದಿಂದ ಸೊಂಟ ಒತ್ತಿದರು, ಹಲಗೆ ನೋಡಿದರು. ಬಾಯಿ ಬಿಡಿಸಿ, ಕತ್ತು ಕಾಯಿಸುವ ಹೊತ್ತಿಗೆ ಒಮ್ಮೆ ಕೆಲಸ ನಿಲ್ಲಿಸಿ ಅವಳ ಕಡೆ ತಿರುಗಿ ಬಾಯಿ ತೆರೆದರು. ಪ್ರಶ್ನೆ ಬಂದೇಬಿಟ್ಟಿತು ಎಂದು ಅವಳು ಹಲಗೆಯತ್ತ ನೋಡಿದಳು.

ಮೇಸ್ತ್ರಿ ಜೋರಾಗಿ ಕೆಮ್ಮಿದರು. ಕೆಮ್ಮಿ, ಬೆವರು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದರು.

"ಜೀವ ಹೋಗಿ ಬಂತಲ್ಲ ಮೇಸ್ತ್ರೀ, ಕೆಮ್ಮೋದಾದ್ರೆ ಹೇಳಿ ಕೆಮ್ಮಿ," ಅಂದಳು ರೇಡಿಯೋ.

ಮೆತ್ತಗಾದ ಕತ್ತು ತನ್ನ ಭಾರಕ್ಕೆ ತಾನೇ ನಿಧಾನಕ್ಕೆ ವಾಲಿತು. ಚಿತ್ರದಷ್ಟು ವಾಲಿದ ಕೂಡಲೇ ಮೇಸ್ತ್ರಿ ತಡೆದರು. ಹಿಡಿ ಕೂತಿತು. ಇಡೀ ಜಗ್ಗನ್ನು ಎತ್ತಿ ಹಲಗೆಯ ಪಕ್ಕಕ್ಕೆ ಹಿಡಿದರು. ಸುಣ್ಣದ ಜಗ್ಗು ಗೋಡೆಯಿಂದ ಇಳಿದು ಬಂದು ನಿಂತಂತಿತ್ತು. ಒಂದು ಪ್ರಶ್ನೆಯೂ ಇಲ್ಲದೆ ಅದು ತಣಿಸುವ ಗೂಡಿಗೆ ಹೋಯಿತು. ನಾಳೆಯ ತನಕ ಅಲ್ಲೇ ಮೆಲ್ಲಗೆ ಆರಬೇಕು.

ಮೊದಲು ಚಪ್ಪಾಳೆ ತಟ್ಟಿದ್ದು ಸೊಳ್ಳೆಯ ಮಾತಾಡಿದವನೇ.

ಕೆಲಸ ಮುಗಿದರೆ ಹಲಗೆ ಒರೆಸುವುದು ರೂಢಿ. ಗುಡಿಸುವವಳು ಒದ್ದೆ ಬಟ್ಟೆ ಹಿಡಿದು ಬಂದಾಗ ಮೇಸ್ತ್ರಿ ಕೈ ಅಡ್ಡ ಹಿಡಿದರು. ಚಿತ್ರದ ಸುತ್ತ ಒಂದು ಚೌಕ ಎಳೆದು ಕೆಳಗೆ ಬರೆದರು: ಅಳಿಸಬಾರದು.

"ಕುಲುಮೆ ಮತ್ತೆ ಹತ್ತಿಸಿದಾಗ ಮೊದಲ ಸಾಮಾನು ಇದೇ," ಅಂದರು. "ಕೈ ಸೋತವರು ಊರಲ್ಲಿ ಒಬ್ಬರೇ ಅಲ್ಲ." ಸೊಂಟದ ಮೇಲೆ ಒರಗುವ ಕೈ ಯಾವುದು ಎಂಬುದನ್ನೂ ಅವರು ಚಿತ್ರದಲ್ಲೇ ಓದಿಕೊಂಡಿದ್ದರು. ಆಮೇಲೆ ಕಿಟಕಿಯತ್ತ ತಲೆ ಆಡಿಸಿದರು. "ಈಗ ಪ್ರಶ್ನೆ ಕೇಳಬಹುದಲ್ಲ? ಆ ಮೀನನ್ನ ಏನು ಮಾಡೋಣ? ತೆಗೆದುಬಿಡಲಾ?"

"ಬೇಡ ಮೇಸ್ತ್ರೀ. ಅಲ್ಲೇ ಇರಲಿ. ಅದೂ ನಂದೇ."

ಮಾರನೆಯ ದಿನ ಅವಳು ಜಗ್ಗನ್ನು ಕಾಗದದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಸ್ಸಿನಲ್ಲಿ ತಂದಳು. ತೊಳೆದು, ನೀರು ತುಂಬಿ, ಅತ್ತೆಯ ಕುರ್ಚಿಯ ಪಕ್ಕದ ಮೇಜಿನ ಮೇಲಿಟ್ಟಳು. ಒಂದು ಲೋಟವನ್ನೂ ಇಟ್ಟು, ಸಹಾಯಕ್ಕೆ ನಿಲ್ಲದೆ ಅಡುಗೆಮನೆಗೆ ಹೋಗಿ ಪಾತ್ರೆ ಜೋಡಿಸುವ ಸದ್ದು ಮಾಡುತ್ತ ನಿಂತಳು. ಕಿವಿ ಮಾತ್ರ ಹೊರಗೇ ಇತ್ತು.

ಮೊದಲು ಗಾಜು ಮರಕ್ಕೆ ಉಜ್ಜಿದ ಸಣ್ಣ ಸದ್ದು. ಆಮೇಲೆ ನೀರು ಬೀಳುವ ಸದ್ದು, ತಡೆಯಿಲ್ಲದೆ, ತುಂಬುವ ತನಕ.

ಅವಳು ಬಾಗಿಲಿಗೆ ಬಂದಳು. ಅತ್ತೆಯ ಎಡಗೈ ಹಿಡಿಯಲ್ಲಿತ್ತು. ಬಲಗೈ ಜಗ್ಗಿನ ಸೊಂಟಕ್ಕೆ ಒರಗಿತ್ತು, ತನ್ನ ಜಾಗ ಅದೇ ಅನ್ನುವ ಹಾಗೆ. ಮೇಜಿನ ಮೇಲೆ ಒಂದು ಹನಿಯಿಲ್ಲ. ಅತ್ತೆ ಲೋಟ ಎತ್ತಿ ಕುಡಿದರು. ಮತ್ತೆ ಬಗ್ಗಿಸಿಕೊಂಡು ಇನ್ನೊಂದು ಲೋಟ ಕುಡಿದರು. ಆಮೇಲೆ ಸೊಸೆಯನ್ನು ನೋಡಿದರು.

"ಬಾಯಿ ಓರೆಯಾಗಿದೆ."

"ಓರೆಯಾಗೇ ಇರಬೇಕು ಅತ್ತೆ."

"ನಂಗೊತ್ತಿಲ್ವಾ? ಕಡ್ಡಿ ಹಿಡಿದವಳು ಯಾರು?" ಒದ್ದೆ ತುಟಿಯನ್ನು ಎಡಗೈಯ ಬೆನ್ನಿನಿಂದ ಒರೆಸಿಕೊಂಡು, ಖಾಲಿ ಲೋಟವನ್ನು ಜಗ್ಗಿನ ಬಾಯಿಯ ಕೆಳಗೆ ಸರಿಸಿದರು. "ಬಾ, ಕೂತ್ಕೋ. ಬೆಳಗಿನಿಂದ ದುಡಿದು ಬಂದಿದ್ದೀಯ. ನಿಂಗೊಂದು ಲೋಟ ನಾನು ಬಗ್ಗಿಸಿ ಕೊಡ್ತೀನಿ."